ರೋಮನ್ ಬೆಳ್ಳಿ ನಾಣ್ಯ: ಗುರುತಿಸುವ ಮತ್ತು ಪರೀಕ್ಷಿಸುವ ಬಗೆ

ಕೆಲವು ವರ್ಷಗಳ ಹಿಂದೆ ನವರಾತ್ರಿಯ ಸಂದರ್ಭದಲ್ಲಿ ವಿಜಯವಾಡದ ಕನ್ನಡ ಕುಟುಂಬವೊಂದರ ಬೊಂಬೆ ಹಬ್ಬಕ್ಕೆ ನಾವು ಹೋಗಿದ್ದೆವು. ಆರತಿಯಾದ ಮೇಲೆ ಆ ಮನೆಯ ಹಿರಿಯ ತಾಯಿಯವರು ದೇವರ ಪೆಟ್ಟಿಗೆಯಿಂದ ಕೊಂಡಿ ಬೆಸೆದ ಬೆಳ್ಳಿಯ ಪದಕವೊಂದನ್ನು ತೆಗೆದು ನಮ್ಮ ಅಂಗೈಯಲ್ಲಿಟ್ಟರು. "ನೀವು ಬ್ಯಾಂಕಿನವರು, ದುಡ್ಡು ನೋಡಿ ಬಲ್ಲವರು. ಇದು ಯಾವ ಕಾಲದ್ದು ಅಂತ ಹೇಳಿ" ಎಂದರು. ಪದಕದ ಮೇಲೆ ಬಲಕ್ಕೆ ಮುಖ ಮಾಡಿದ ಪುರುಷನ ತಲೆ, ಸುತ್ತಲೂ ಅಕ್ಷರಗಳಂತೆ ಕಾಣುವ ಗೆರೆಗಳು. ಅವರ ಮಾವನವರ ತಂದೆಯ ಕಾಲದಲ್ಲಿ ಚಿತ್ರದುರ್ಗದ ಕಡೆಯ ಹೊಲದಲ್ಲಿ ಉಳುವಾಗ ಇಂತಹವು ಹತ್ತು ಸಿಕ್ಕಿದ್ದವಂತೆ. ಒಂಬತ್ತನ್ನು ಕರಗಿಸಿ ಕುಂಕುಮದ ಬಟ್ಟಲು ಮಾಡಿಸಿದರು; ಉಳಿದ ಒಂದು ಸೊಸೆಯಂದಿರ ಕೈಯಿಂದ ಕೈಗೆ ಬಂದಿತು. ಇದು ರೋಮನ್ ನಾಣ್ಯವೆಂದು ಹೇಳಿ ಒಬ್ಬರು ದೊಡ್ಡ ಮೊತ್ತಕ್ಕೆ ಕೇಳುತ್ತಿದ್ದಾರೆ, ಕೊಡಬಹುದೇ ಎಂಬುದು ಮಗನ ಪ್ರಶ್ನೆಯಾಗಿತ್ತು.

ಮೂವತ್ತು ವರ್ಷಗಳಿಂದ ನಾಣ್ಯ ಮತ್ತು ನೋಟುಗಳ ನಡುವೆಯೇ ಬದುಕಿದ ನಮಗೆ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. ಅಂದಿನಿಂದ ಓದಿ, ವಸ್ತುಸಂಗ್ರಹಾಲಯಗಳಲ್ಲಿ ನೋಡಿ, ಬಲ್ಲವರನ್ನು ಕೇಳಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ನಿರೂಪಿಸಿದ್ದೇವೆ. ಹಳೆಯ ಬೆಳ್ಳಿಯ ಬಿಲ್ಲೆಗಳು ನಮ್ಮ ಅನೇಕ ಮನೆಗಳ ಪೆಟ್ಟಿಗೆಗಳಲ್ಲಿರುವುದರಿಂದ ಓದುಗರಿಗೆ ಇದು ಉಪಯೋಗವಾದೀತೆಂದು ನಂಬಿದ್ದೇವೆ.

ರೋಮಿನ ಬೆಳ್ಳಿ ನಮ್ಮ ನೆಲಕ್ಕೆ ಬಂದ ಬಗೆ

ಕ್ರಿಸ್ತಶಕದ ಮೊದಲ ಶತಮಾನದಲ್ಲಿ ರೋಮ್ ಸಾಮ್ರಾಜ್ಯಕ್ಕೂ ಭಾರತಕ್ಕೂ ಸಮುದ್ರ ವ್ಯಾಪಾರ ಭರದಿಂದ ನಡೆಯುತ್ತಿತ್ತು. ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಹೊರಟ ಹಡಗುಗಳು ಮುಂಗಾರಿನ ಗಾಳಿಯನ್ನು ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಮೆಣಸು, ಮುತ್ತು, ಹತ್ತಿಬಟ್ಟೆ, ರತ್ನಗಳನ್ನು ಕೊಂಡು ಚಿನ್ನ ಬೆಳ್ಳಿಯ ನಾಣ್ಯಗಳನ್ನು ಕೊಟ್ಟು ಹೋಗುತ್ತಿದ್ದವು. ಆ ಕಾಲದ ಗ್ರೀಕ್ ನಾವಿಕನೊಬ್ಬ ಬರೆದ ‘ಪೆರಿಪ್ಲಸ್’ ಎಂಬ ಗ್ರಂಥದಲ್ಲಿ ಇಂದಿನ ಆಂಧ್ರ ಕರಾವಳಿಯು ಮಸಾಲಿಯಾ ಎಂಬ ಹೆಸರಿನಿಂದ ಬರುತ್ತದೆ. ಅಲ್ಲಿ ನಯವಾದ ಬಟ್ಟೆ ಹೇರಳವಾಗಿ ನೇಯಲ್ಪಡುತ್ತಿತ್ತೆಂದು ಅದು ತಿಳಿಸುತ್ತದೆ. ಟಾಲೆಮಿಯು ಹೇಳುವ ಕೊಂಟಕೊಸ್ಸಿಲ ಎಂಬ ವ್ಯಾಪಾರಸ್ಥಳವನ್ನು ವಿದ್ವಾಂಸರು ಕೃಷ್ಣಾ ಮುಖಜಭೂಮಿಯ ಘಂಟಸಾಲವೆಂದು ಗುರುತಿಸಿದ್ದಾರೆ.

ಈ ವ್ಯಾಪಾರದ ಕುರುಹುಗಳು ನಾವು ವಾಸಿಸುವ ಊರುಗಳ ಸುತ್ತಲೇ ದೊರೆತಿವೆ. ವಿಶಾಖಪಟ್ಟಣದಿಂದ ಭೀಮಿಲಿಗೆ ಹೋಗುವ ದಾರಿಯಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತಿರುವ ತೊಟ್ಲಕೊಂಡವನ್ನು ನಮ್ಮಲ್ಲಿ ಬಹುಮಂದಿ ಕಂಡಿದ್ದಾರೆ. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿಂದ ಆ ಗುಡ್ಡಕ್ಕೆ ಹೆಸರು ಬಂದಿತು. 1976ರ ಸುಮಾರಿಗೆ ನೌಕಾದಳವು ನೆಲೆಯೊಂದಕ್ಕಾಗಿ ನಡೆಸಿದ ವಿಮಾನ ಸಮೀಕ್ಷೆಯಲ್ಲಿ ಅದು ಬೆಳಕಿಗೆ ಬಂದಿತು. 1988ರಿಂದ 1993ರವರೆಗೆ ರಾಜ್ಯ ಪುರಾತತ್ತ್ವ ಇಲಾಖೆ ನಡೆಸಿದ ಉತ್ಖನನದಲ್ಲಿ ಬೌದ್ಧ ವಿಹಾರದ ಅವಶೇಷಗಳೊಡನೆ ಸಾತವಾಹನರ ನಾಣ್ಯಗಳೂ ರೋಮನ್ ಬೆಳ್ಳಿ ನಾಣ್ಯಗಳೂ ದೊರೆತವು. ಗುಂಟೂರು ಸೀಮೆಯ ವಿನುಕೊಂಡದಲ್ಲಿ 1889ರಲ್ಲಿ ರೋಮನ್ ಚಿನ್ನದ ನಾಣ್ಯಗಳು ಸಿಕ್ಕಿದ್ದವು. ಈಗ ತೆಲಂಗಾಣಕ್ಕೆ ಸೇರಿದ ನಲ್ಗೊಂಡ ಜಿಲ್ಲೆಯ ಅಕ್ಕನಪಲ್ಲಿಯಲ್ಲಿ ದೊರೆತ ನಿಧಿಯಲ್ಲಿ 1531 ಬೆಳ್ಳಿ ನಾಣ್ಯಗಳಿದ್ದವು. ನಾಗಾರ್ಜುನಕೊಂಡದ ಇಕ್ಷ್ವಾಕು ಕಾಲದ ಶಾಸನವೊಂದರಲ್ಲಿ ರಾಣಿಯೊಬ್ಬಳು 170 ‘ದಿನಾರಿ ಮಾಷಕ’ಗಳನ್ನು ದಾನವಿತ್ತ ಉಲ್ಲೇಖವಿದೆ. ರೋಮನ್ನರ ಬೆಳ್ಳಿ ನಾಣ್ಯದ ಹೆಸರು ‘ಡೆನೇರಿಯಸ್’. ಅದೇ ನಮ್ಮಲ್ಲಿ ದಿನಾರಿ, ದೀನಾರ ಎಂದಾಯಿತು.

ಕನ್ನಡ ನಾಡಿನಲ್ಲಿಯೂ ಇದೇ ಕಥೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕೆಲಸಕ್ಕಾಗಿ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ಮತ್ತೆ 256 ನಾಣ್ಯಗಳು ಸಿಕ್ಕವು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರೂ, ಅನಂತರ 1947ರಲ್ಲಿ ಸರ್ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದರು. ಆ ನೆಲೆಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಾತವಾಹನ ನಾಣ್ಯಗಳೊಡನೆ ದೊರೆತಿವೆ. ಆದುದರಿಂದ ಚಿತ್ರದುರ್ಗದ ಕಡೆಯ ಹೊಲದಲ್ಲಿ ರೋಮನ್ ನಾಣ್ಯ ಸಿಕ್ಕಿತೆಂಬ ಆ ಮನೆಯ ಮಾತು ಅಸಂಭವವೇನಲ್ಲ. ಆದರೆ ಸಂಭವವಿದೆ ಎನ್ನುವುದು ಬೇರೆ, ಇದು ಅದೇ ಎನ್ನುವುದು ಬೇರೆ.

ಡೆನೇರಿಯಸ್ಸಿನ ಲಕ್ಷಣಗಳು

ನಮ್ಮ ದೇಶದಲ್ಲಿ ದೊರೆಯುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಎರಡು ಮಾದರಿಗಳೇ ಅತಿ ಹೆಚ್ಚು. ಇವೆರಡನ್ನು ಚೆನ್ನಾಗಿ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ಕ್ರಿ.ಪೂ. 27ರಿಂದ ಕ್ರಿ.ಶ. 14ರವರೆಗೆ ಆಳಿದ ಆಗಸ್ಟಸ್‌ನದು. ಮುಂಭಾಗದಲ್ಲಿ ಲಾರೆಲ್ ಎಲೆಗಳ ಮಾಲೆ ಧರಿಸಿದ ಚಕ್ರವರ್ತಿಯ ತಲೆ ಬಲಕ್ಕೆ ತಿರುಗಿದೆ. ಹಿಂಭಾಗದಲ್ಲಿ ಅವನ ದತ್ತುಪುತ್ರರೂ ಮೊಮ್ಮಕ್ಕಳೂ ಆದ ಗಾಯಸ್ ಮತ್ತು ಲೂಸಿಯಸ್ ಎದುರುಮುಖವಾಗಿ ನಿಂತಿದ್ದಾರೆ. ಇಬ್ಬರ ನಡುವೆ ಗುರಾಣಿಗಳು ಮತ್ತು ಈಟಿಗಳು. ಮೇಲೆ ಪೂಜೆಗೆ ಬಳಸುವ ಸೌಟು ಹಾಗೂ ತುದಿ ಬಾಗಿದ ಕೋಲು. ಎರಡನೆಯದು ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸ್‌ನದು. ಮುಂಭಾಗದಲ್ಲಿ ಅದೇ ರೀತಿ ಮಾಲೆ ಧರಿಸಿದ ತಲೆ. ಹಿಂಭಾಗದಲ್ಲಿ ಪೀಠದ ಮೇಲೆ ಕುಳಿತ ಸ್ತ್ರೀ, ಒಂದು ಕೈಯಲ್ಲಿ ದಂಡ, ಮತ್ತೊಂದರಲ್ಲಿ ಎಲೆಗಳ ಟೊಂಗೆ. ಅಲ್ಲಿ ಬರೆದಿರುವುದು ‘ಪಾಂಟಿಫ್ ಮ್ಯಾಕ್ಸಿಮ್’, ಎಂದರೆ ಮಹಾಪುರೋಹಿತ ಎಂಬ ಬಿರುದು. ಇವೆರಡೂ ಇಂದಿನ ಫ್ರಾನ್ಸಿನ ಲಿಯಾನ್ ನಗರದಲ್ಲಿದ್ದ ಟಂಕಸಾಲೆಯ ಕೃತಿಗಳು. ಟೈಬೀರಿಯಸ್‌ನ ನಾಣ್ಯವನ್ನು ಬೈಬಲಿನಲ್ಲಿ ಬರುವ ಕಂದಾಯದ ನಾಣ್ಯವೆಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಬೇಡಿಕೆಯಿರುವ ಕಡೆ ನಕಲು ಇರುವುದು ಸಹಜವಷ್ಟೆ.

ಅಕ್ಷರಗಳು ಲ್ಯಾಟಿನ್ ಲಿಪಿಯಲ್ಲಿವೆ. ಇಂಗ್ಲಿಷ್ ಬಲ್ಲವರು ಒಂದೊಂದಾಗಿ ಓದಬಹುದು. ಆದರೆ ಪದಗಳ ನಡುವೆ ಸ್ಥಳವಿಲ್ಲ, ಪದಗಳು ಮೊಟಕಾಗಿವೆ, ‘ಯು’ ಅಕ್ಷರದ ಸ್ಥಾನದಲ್ಲಿ ‘ವಿ’ ಇರುತ್ತದೆ. ಟೈಬೀರಿಯಸ್‌ನ ಮುಂಭಾಗದ ಬರಹವನ್ನು ಬಿಡಿಸಿದರೆ ‘ದೈವತ್ವ ಪಡೆದ ಆಗಸ್ಟಸ್‌ನ ಮಗ ಟೈಬೀರಿಯಸ್ ಸೀಸರ್ ಆಗಸ್ಟಸ್’ ಎಂದಾಗುತ್ತದೆ. ಒಂದು ಮುಖ್ಯ ಮಾತು: ರೋಮನ್ ನಾಣ್ಯದ ಮೇಲೆ ಇಸವಿಯ ಅಂಕಿ ಇರುವುದಿಲ್ಲ. ಕ್ರಿ.ಶ. ಎಂತಲೋ ಕ್ರಿ.ಪೂ. ಎಂತಲೋ ವರ್ಷವನ್ನು ಕೆತ್ತಿದ್ದರೆ ಅದನ್ನು ಮುಂದೆ ಪರೀಕ್ಷಿಸುವ ಅಗತ್ಯವೇ ಇಲ್ಲ.

ಗಾತ್ರವನ್ನು ಊಹಿಸಲು ನಮ್ಮ ನಾಣ್ಯಗಳೇ ಸಾಕು. ಡೆನೇರಿಯಸ್ಸಿನ ವ್ಯಾಸ 18ರಿಂದ 19 ಮಿ.ಮೀ., ಎಂದರೆ 2011ರಲ್ಲಿ ಚಲಾವಣೆಯಿಂದ ಹಿಂತೆಗೆದ ಉಕ್ಕಿನ 25 ಪೈಸೆಯಷ್ಟು. ಆಗಸ್ಟಸ್, ಟೈಬೀರಿಯಸ್ ಕಾಲದ ನಾಣ್ಯದ ತೂಕ ಸುಮಾರು 3.8 ಗ್ರಾಂ; 2011ರಲ್ಲಿ ಬಂದ ಮಾದರಿಯ ಒಂದು ರೂಪಾಯಿ ನಾಣ್ಯದ ತೂಕವೂ 3.79 ಗ್ರಾಂ. 25 ಪೈಸೆಯ ಅಗಲದಲ್ಲಿ ರೂಪಾಯಿಯ ತೂಕವನ್ನು ಅಂಗೈಯಲ್ಲಿ ಕಲ್ಪಿಸಿಕೊಂಡರೆ ಡೆನೇರಿಯಸ್ಸಿನ ಅನುಭವ ಬರುತ್ತದೆ. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿಯು ತೂಕವನ್ನು ಸುಮಾರು 3.4 ಗ್ರಾಮಿಗೆ ಇಳಿಸಿದ್ದಲ್ಲದೆ ಬೆಳ್ಳಿಗೆ ತಾಮ್ರವನ್ನು ಬೆರೆಸಿದನು. ಅದಕ್ಕೆ ಮೊದಲಿನವು ಬಹುಮಟ್ಟಿಗೆ ಶುದ್ಧ ಬೆಳ್ಳಿ. ನಮ್ಮಲ್ಲಿ ಸಿಗುವ ಬೆಳ್ಳಿ ನಿಧಿಗಳಲ್ಲಿ ಈ ಹಳೆಯ ಶುದ್ಧ ನಾಣ್ಯಗಳೇ ತುಂಬಿರುವುದು ಗಮನಾರ್ಹ.

ತೂಕದ ಬಗ್ಗೆ ರೋಮನ್ ಲೇಖಕ ಪ್ಲಿನಿ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳುತ್ತಾನೆ. ಕ್ಲಾಡಿಯಸ್ ಚಕ್ರವರ್ತಿಯ ಕಾಲದಲ್ಲಿ ಗಾಳಿಗೆ ಸಿಕ್ಕಿ ಸಿಂಹಳದ ದಡ ಸೇರಿದ ರೋಮನ್ನನೊಬ್ಬನ ಬಳಿಯಿದ್ದ ನಾಣ್ಯಗಳನ್ನು ಅಲ್ಲಿಯ ರಾಜನು ಪರಿಶೀಲಿಸಿದನಂತೆ. ಬೇರೆ ಬೇರೆ ದೊರೆಗಳ ತಲೆಗಳಿದ್ದರೂ ತೂಕ ಮಾತ್ರ ಒಂದೇ ಆಗಿದ್ದುದನ್ನು ಕಂಡು ರೋಮನ್ನರ ಪ್ರಾಮಾಣಿಕತೆಯನ್ನು ಮೆಚ್ಚಿದನಂತೆ. ನಮ್ಮ ಭಾಗದಲ್ಲಿ ರೋಮನ್ ನಾಣ್ಯ ಪರೀಕ್ಷೆಯ ಮೊದಲ ದಾಖಲೆ ಇದೇ ಇರಬೇಕೆಂದು ಬ್ಯಾಂಕಿನವರಾದ ನಮಗೆ ಅನಿಸಿದ್ದುಂಟು.

ರೋಮನ್ ಎಂದು ತಪ್ಪಾಗಿ ತಿಳಿಯುವವು

ತಲೆಯ ಚಿತ್ರವಿರುವ ಹಳೆಯ ಬೆಳ್ಳಿಯೆಲ್ಲ ರೋಮನ್ ಅಲ್ಲ. ಗೌತಮೀಪುತ್ರ ಸಾತಕರ್ಣಿ, ವಾಸಿಷ್ಠೀಪುತ್ರ ಪುಳುಮಾವಿ, ಯಜ್ಞಶ್ರೀ ಮೊದಲಾದ ಸಾತವಾಹನ ಅರಸರು ತಮ್ಮ ಮುಖವಿರುವ ಬೆಳ್ಳಿ ನಾಣ್ಯಗಳನ್ನು ಹೊರಡಿಸಿದ್ದರು. ಅವುಗಳ ಬರಹ ಬ್ರಾಹ್ಮಿ ಲಿಪಿಯಲ್ಲಿದೆ. ಒಂದು ಕಡೆ ಪ್ರಾಕೃತ, ಇನ್ನೊಂದು ಕಡೆ ದ್ರಾವಿಡ ನುಡಿ. ತೂಕ ಸುಮಾರು 2 ಗ್ರಾಂ ಮಾತ್ರ. ಪಶ್ಚಿಮ ಕ್ಷತ್ರಪರ ನಾಣ್ಯಗಳೂ ಅಷ್ಟೇ ಚಿಕ್ಕವು. ಹಿಂಭಾಗದಲ್ಲಿ ಮೂರು ಕಮಾನುಗಳ ಬೆಟ್ಟ, ಚಂದ್ರ, ಸೂರ್ಯ ಕಾಣುತ್ತವೆ.

ಮನೆಗಳಲ್ಲಿ ಇನ್ನೂ ಹೆಚ್ಚಾಗಿ ಗೊಂದಲ ಹುಟ್ಟಿಸುವುದು ಕಂಪನಿ ಸರ್ಕಾರದ ಪಾವಲಿ. 1835ರ ನಾಲ್ಕನೆಯ ವಿಲಿಯಂ ದೊರೆಯ ಪಾವಲಿಯಲ್ಲಿ ಕಿರೀಟವಿಲ್ಲದ ತಲೆಯಿದೆ. ಸವೆದು ಅಕ್ಷರ ಮಾಸಿದಾಗ ಅದು ಯಾವುದೋ ಪುರಾತನ ಚಕ್ರವರ್ತಿಯಂತೆ ತೋರುತ್ತದೆ. ಅದರ ತೂಕ 2.92 ಗ್ರಾಂ, ಯಂತ್ರದಲ್ಲಿ ಅಚ್ಚಾದುದರಿಂದ ಅಂಚು ಪೂರ್ಣ ದುಂಡಗೆ, ದಪ್ಪ ಎಲ್ಲ ಕಡೆಯೂ ಸಮನಾಗಿರುತ್ತದೆ. ಡೆನೇರಿಯಸ್ಸು ಎಂದಿಗೂ ಅಷ್ಟು ದುಂಡಗಿರುವುದಿಲ್ಲ.

ಅಚ್ಚೊತ್ತಿದ್ದೋ, ಎರಕ ಹೊಯ್ದದ್ದೋ

ರೋಮನ್ನರು ಬಿಸಿ ಮಾಡಿದ ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆ ಪೆಟ್ಟಿಗೆ ಲೋಹವು ಹೊರಮುಖವಾಗಿ ಹರಿಯುತ್ತದೆ. ಆದುದರಿಂದ ಅಂಚಿನಲ್ಲಿ ಸಣ್ಣ ಸೀಳುಗಳಿರುವುದು, ಚಿತ್ರ ಒಂದು ಬದಿಗೆ ಸರಿದಿರುವುದು, ಕೆಲವು ಅಕ್ಷರಗಳು ಬಿಲ್ಲೆಯಿಂದ ಹೊರಗೆ ಉಳಿದಿರುವುದು ಸಾಮಾನ್ಯ. ಅಕ್ಷರಗಳ ಬದಿ ಕಡಿದಾಗಿ ನಿಂತಿರುತ್ತದೆ, ಮೈ ಗಟ್ಟಿಯಾಗಿ ನಯವಾಗಿರುತ್ತದೆ.

ನಕಲು ಮಾಡುವವರು ಸಾಮಾನ್ಯವಾಗಿ ಮೂಲ ನಾಣ್ಯದಿಂದ ಅಚ್ಚು ತೆಗೆದು ಎರಕ ಹೊಯ್ಯುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ಇಂತಹ ನಾಣ್ಯದ ಮೈಮೇಲೆ ಸೂಜಿಮೊನೆಯಂತಹ ಗಾಳಿಗುಳ್ಳೆಗಳ ಗುಂಡಿಗಳು, ಅಕ್ಷರಗಳ ಮೊಂಡಾದ ಬದಿಗಳು, ಸಾಬೂನಿನಂತಹ ಜಾರು ಮೈ ಕಾಣುತ್ತವೆ. ಅಂಚಿನ ಸುತ್ತ ಎರಡು ಅರ್ಧಗಳು ಕೂಡಿದ ಗೆರೆಯಿರುತ್ತದೆ. ಅದನ್ನು ಅರದಿಂದ ಉಜ್ಜಿ ಅಳಿಸಿದ್ದರೆ ಉಜ್ಜಿದ ಗುರುತು ಉಳಿಯುತ್ತದೆ. ಆದ್ದರಿಂದ ನಾಣ್ಯದ ಎರಡು ಮುಖಗಳಿಗಿಂತ ಅದರ ಅಂಚನ್ನು ಮೊದಲು ನೋಡಬೇಕು.

ಮತ್ತೊಂದು ಬಲವಾದ ಸಾಕ್ಷಿ ಹೋಲಿಕೆ. ಒಂದೇ ಅಚ್ಚಿನಿಂದ ಬಂದ ಎರಡು ಅಸಲಿ ನಾಣ್ಯಗಳಲ್ಲಿ ಚಿತ್ರ ಒಂದೇ ಇದ್ದರೂ ಬಿಲ್ಲೆಯ ಆಕಾರ, ಸೀಳು, ಸವೆತ, ಗೀರುಗಳು ಬೇರೆಯಾಗಿರುತ್ತವೆ. ಎರಡು ನಾಣ್ಯಗಳಲ್ಲಿ ಗೀರುಗಳೂ ಸೀಳುಗಳೂ ಒಂದೇ ಜಾಗದಲ್ಲಿದ್ದರೆ ಅವೆರಡೂ ಒಂದೇ ತಾಯಿನಾಣ್ಯದ ಎರಕಗಳು. ಹಾಗೆಂದು ಅಚ್ಚೊತ್ತಿದ್ದೆಲ್ಲ ಅಸಲಿಯೆಂದೂ ಹೇಳುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ ಎಂಬಾತನು ತಾನೇ ಅಚ್ಚು ಕೆತ್ತಿ ಪ್ರಾಚೀನ ನಾಣ್ಯಗಳನ್ನು ಟಂಕಿಸಿ ಹೆಸರಾದನು. ಅಂತಹ ಕೆಲಸವನ್ನು ಕೆತ್ತನೆಯ ಶೈಲಿಯನ್ನು ಅರಿತ ತಜ್ಞರೇ ಹಿಡಿಯಬೇಕು.

ತೂಕ ಮತ್ತು ನೀರಿನ ಪರೀಕ್ಷೆ

ನಾಣ್ಯಕ್ಕೆ ಯಾವ ಹಾನಿಯೂ ಆಗದಂತೆ ಲೋಹವನ್ನು ಪರೀಕ್ಷಿಸುವ ಸುಲಭ ವಿಧಾನ ಸಾಪೇಕ್ಷ ಸಾಂದ್ರತೆಯದು. ಶಾಲೆಯಲ್ಲಿ ಓದಿದ ಆರ್ಕಿಮಿಡೀಸನ ತತ್ತ್ವವೇ ಇದು. ಮೊದಲು ನಾಣ್ಯವನ್ನು ಗಾಳಿಯಲ್ಲಿ ತೂಗಬೇಕು. ಅನಂತರ ತೆಳುವಾದ ದಾರದಲ್ಲಿ ಕಟ್ಟಿ, ನೀರಿನಲ್ಲಿ ಪೂರ್ಣ ಮುಳುಗುವಂತೆ ತೂಗುಹಾಕಿ ತೂಗಬೇಕು. ಗಾಳಿಯ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಉದಾಹರಣೆಗೆ ಗಾಳಿಯಲ್ಲಿ 3.780 ಗ್ರಾಂ ಇದ್ದು ನೀರಿನಲ್ಲಿ 0.365 ಗ್ರಾಂ ಕಡಿಮೆಯಾದರೆ ಸಾಂದ್ರತೆ 10.36. ಶುದ್ಧ ಬೆಳ್ಳಿಯದು 10.49, ತಾಮ್ರದ್ದು 8.96, ಸೀಸದ್ದು 11.34, ತವರದ್ದು ಸುಮಾರು 7.3. ಆದುದರಿಂದ 10.36 ಬಂದರೆ ಅದು ಉತ್ತಮ ಬೆಳ್ಳಿಗೆ ಒಪ್ಪುವ ಅಂಕಿ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಇಷ್ಟು ಚಿಕ್ಕ ನಾಣ್ಯದಲ್ಲಿ 0.01 ಗ್ರಾಮಿನ ತಪ್ಪು ಸಾಂದ್ರತೆಯನ್ನು ಸುಮಾರು 0.3ರಷ್ಟು ಏರುಪೇರು ಮಾಡುತ್ತದೆ. ಆದ್ದರಿಂದ ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು, ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿರಬಾರದು. ಎರಡನೆಯದಾಗಿ, ಈ ಪರೀಕ್ಷೆ ಲೋಹವನ್ನು ಹೇಳುತ್ತದೆಯೇ ಹೊರತು ಕಾಲವನ್ನು ಹೇಳುವುದಿಲ್ಲ. ಇಂದಿನ ಬೆಳ್ಳಿಯಲ್ಲಿ ನಕಲು ಮಾಡಿದರೂ ಅಂಕಿ ಸರಿಯಾಗಿಯೇ ಬರುತ್ತದೆ. ಅದೇ ರೀತಿ, ತಾಮ್ರದ ತಿರುಳಿಗೆ ಬೆಳ್ಳಿಯ ತಗಡು ಹೊದಿಸಿದ ಖೋಟಾ ನಾಣ್ಯಗಳು ರೋಮನ್ನರ ಕಾಲದಲ್ಲಿಯೇ ಇದ್ದವು. ಅಂಕಿ ಕಡಿಮೆ ಬಂದ ಮಾತ್ರಕ್ಕೆ ನಾಣ್ಯ ಇತ್ತೀಚಿನದೆಂದು ಹೇಳಲಾಗದು. ಸವೆದ ಕಡೆ ಕೆಂಪು ಬಣ್ಣ ಇಣುಕುವುದು, ಹಸಿರು ಕಿಲುಬು ಒಳಗಿನಿಂದ ಹೊರಬರುವುದು ಇಂತಹವುಗಳ ಗುರುತು.

ಈ ಪಾಠಕ್ಕೆ ನಾವು ತೆತ್ತ ಶುಲ್ಕ ಐದು ನೂರು ರೂಪಾಯಿ. ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಹೊಸದರಲ್ಲಿ ಕಡಲತೀರದಲ್ಲಿ ಅಪರಿಚಿತನೊಬ್ಬನಿಂದ ‘ಅಗೆಯುವಾಗ ಸಿಕ್ಕಿದ’ ರೋಮನ್ ನಾಣ್ಯವೊಂದನ್ನು ಕೊಂಡು, ಮನೆಯಲ್ಲಿ ಎಲ್ಲರಿಗೂ ತೋರಿಸಿ ಹೆಮ್ಮೆಪಟ್ಟಿದ್ದೆವು. ಬಹಳ ಕಾಲದ ಮೇಲೆ ತೂಗಿ ನೋಡಿದಾಗ ಅದು 3.10 ಗ್ರಾಂ ಇತ್ತು, ನೀರಿನಲ್ಲಿ 0.36 ಗ್ರಾಂ ಕಡಿಮೆಯಾಯಿತು. ಸಾಂದ್ರತೆ 8.6, ಎಂದರೆ ಜರ್ಮನ್ ಸಿಲ್ವರ್ ಎಂದು ಕರೆಯುವ ತಾಮ್ರ, ನಿಕ್ಕಲ್, ಸತುವಿನ ಮಿಶ್ರಣದಷ್ಟು. ಅದರಲ್ಲಿ ಬೆಳ್ಳಿ ಹೆಸರಿಗಷ್ಟೆ. ಅಂಚಿನ ಸುತ್ತ ಕೂಡಿದ ಗೆರೆಯೂ ಸ್ಪಷ್ಟವಾಗಿತ್ತು. ಖೋಟಾ ನೋಟನ್ನು ಬೆರಳ ತುದಿಯಲ್ಲಿ ಹಿಡಿಯುವ ನಾವು ಈ ನಾಣ್ಯಕ್ಕೆ ಏಕೆ ಮೋಸಹೋದೆವು? ಸಾವಿರಾರು ಅಸಲಿ ನೋಟುಗಳನ್ನು ಮುಟ್ಟಿದ ಕೈಗೆ ಖೋಟಾ ನೋಟು ತಾನಾಗಿ ಸಿಕ್ಕಿಬೀಳುತ್ತದೆ. ಆದರೆ ಅಸಲಿ ಡೆನೇರಿಯಸ್ಸನ್ನು ನಾವು ಒಂದನ್ನೂ ನೋಡಿರಲಿಲ್ಲ. ಆದುದರಿಂದ ಕಲಿಯಬೇಕೆನ್ನುವವರು ಮೊದಲು ಚೆನ್ನೈನ ಎಗ್ಮೋರಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ, ಹೈದರಾಬಾದಿನ ರಾಜ್ಯ ವಸ್ತುಸಂಗ್ರಹಾಲಯದಂತಹ ಕಡೆ ಅಸಲಿಯ ಪರಿಚಯ ಮಾಡಿಕೊಳ್ಳುವುದು ಒಳಿತು. ಪರಮೇಶ್ವರಿ ಲಾಲ್ ಗುಪ್ತ ಅವರು 1965ರಲ್ಲಿ ಹೊರತಂದ ಆಂಧ್ರಪ್ರದೇಶದ ರೋಮನ್ ನಾಣ್ಯಗಳ ಗ್ರಂಥವೂ ಉತ್ತಮ ಮಾರ್ಗದರ್ಶಿ.

ಅಸಲಿಯೂ ಅಲ್ಲ, ಖೋಟಾವೂ ಅಲ್ಲ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಬ್ಯಾಂಕಿನಲ್ಲಿ ನೋಟು ಒಂದೋ ಅಸಲಿ, ಇಲ್ಲವೇ ಖೋಟಾ. ಭಾರತದಲ್ಲಿ ದೊರೆಯುವ ರೋಮನ್ ನಾಣ್ಯಗಳಿಗೆ ಮೂರನೆಯ ವರ್ಗವೊಂದಿದೆ. ಅವು ಪುರಾತನ ಕಾಲದಲ್ಲಿಯೇ ನಮ್ಮ ದೇಶದ ಅಕ್ಕಸಾಲಿಗರು ರೋಮನ್ ನಾಣ್ಯವನ್ನು ನೋಡಿ ತಯಾರಿಸಿದ ಅನುಕರಣೆಗಳು. ಜರ್ಮನ್ ವಿದ್ವಾಂಸ ಪೀಟರ್ ಬರ್ಗ್‌ಹೌಸ್ ಮೊದಲಾದವರು ಇವನ್ನು ವಿಶೇಷವಾಗಿ ಅಧ್ಯಯನ ಮಾಡಿದ್ದಾರೆ. ಹೆಚ್ಚಾಗಿ ಅನುಕರಣೆಗೆ ಒಳಗಾದವು ನಾವು ಮೇಲೆ ಹೇಳಿದ ಆಗಸ್ಟಸ್, ಟೈಬೀರಿಯಸ್ ಮಾದರಿಗಳೇ.

ಇವುಗಳನ್ನು ಗುರುತಿಸುವುದು ಬರಹದಿಂದ. ಲ್ಯಾಟಿನ್ ತಿಳಿಯದ ಕುಶಲಕರ್ಮಿಯು ಅಕ್ಷರಗಳನ್ನು ಚಿತ್ರಗಳಂತೆ ಕೆತ್ತಿದ್ದಾನೆ. ಕೆಲವು ತಲೆಕೆಳಗಾಗಿವೆ, ಕೆಲವು ಹಿಂದುಮುಂದಾಗಿವೆ, ಕೆಲವು ಬರಿಯ ಕಡ್ಡಿಗಳಾಗಿವೆ. ಎಲೆಗಳ ಮಾಲೆ ಚುಕ್ಕೆಗಳ ಸಾಲಾಗಿದೆ. ಕಣ್ಣು ದೊಡ್ಡದಾಗಿ, ಮುಖ ನಮ್ಮ ಶಿಲ್ಪಗಳ ಮುಖಕ್ಕೆ ಸಮೀಪವಾಗಿದೆ. ಆದರೆ ಆಧುನಿಕ ಎರಕದ ದೋಷಗಳು ಇವುಗಳಲ್ಲಿ ಇರುವುದಿಲ್ಲ. ನೆಲದಲ್ಲಿ ಶತಮಾನಗಳ ಕಾಲ ಇದ್ದುದರ ಕುರುಹು ಮೈಮೇಲೆ ಇರುತ್ತದೆ.

ಅವರು ಏಕೆ ಹೀಗೆ ಮಾಡಿದರು? ಮೋಸಕ್ಕಾಗಿಯೇ ಎಂದು ಭಾವಿಸಬೇಕಾಗಿಲ್ಲ. ಕೊಂಡಾಪುರ, ತೇರ್, ನೇವಾಸೆ ಮೊದಲಾದ ಸಾತವಾಹನ ನೆಲೆಗಳಲ್ಲಿ ರೋಮನ್ ನಾಣ್ಯದ ಅಚ್ಚಿನಂತಿರುವ ಸುಟ್ಟಮಣ್ಣಿನ ಬಿಲ್ಲೆಗಳು ದೊರೆತಿವೆ; ಅವುಗಳಿಗೆ ದಾರ ಪೋಣಿಸಲು ತೂತು ಅಥವಾ ಕೊಂಡಿ ಇದೆ. ಚಿನ್ನದ ನಾಣ್ಯ ಧರಿಸುವ ಶಕ್ತಿಯಿಲ್ಲದವರು ಮಣ್ಣಿನದನ್ನು ಕೊರಳಿಗೆ ಹಾಕಿಕೊಂಡಿರಬೇಕು. ನಮ್ಮ ಕಾಸಿನ ಸರ, ನೆರೆಯ ತೆಲುಗರ ಕಾಸುಲ ಪೇರುಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮಾರುಕಟ್ಟೆಯಲ್ಲಿ ಇಂತಹ ಅನುಕರಣೆಗೆ ಬೆಲೆ ಏನೇ ಇರಲಿ, ಚರಿತ್ರೆಯಲ್ಲಿ ಅದರ ಬೆಲೆ ಕಡಿಮೆಯಲ್ಲ. ಲಿಯಾನಿನಲ್ಲಿ ಟಂಕಿಸಿದ ನಾಣ್ಯ ರೋಮನ್ನರ ಕಥೆಯನ್ನು ಹೇಳಿದರೆ, ಈ ಬಿಲ್ಲೆ ನಮ್ಮವರ ಕೈ ಮತ್ತು ಕಣ್ಣುಗಳ ಕಥೆಯನ್ನು ಹೇಳುತ್ತದೆ.

ಹಾಗೆಯೇ ನಾಣ್ಯದ ಮೇಲಿನ ಗಾಯಗಳೂ ಸಾಕ್ಷ್ಯಗಳೇ. ಪುದುಕ್ಕೋಟೆಯ ಬಳಿ 1898ರಲ್ಲಿ ದೊರೆತ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ ಚಕ್ರವರ್ತಿಯ ತಲೆಗೆ ಅಡ್ಡಲಾಗಿ ಉಳಿಯಿಂದ ಕಡಿದ ಗೆರೆಯಿದೆ. ಅವು ಮತ್ತೆ ಚಲಾವಣೆಯಾಗದಂತೆ ಹಾಗೆ ಕಡಿದರೆಂದು ಒಂದು ವಿವರಣೆಯಿದೆ. ಇಂತಹ ಕಡಿತವನ್ನು ದೋಷವೆಂದು ತಿಳಿದು ತುಂಬಿಸಲು, ಸರಿಪಡಿಸಲು ಹೋಗಬಾರದು.

ಮಾಡಬಾರದ ಕೆಲಸಗಳು

ನಮ್ಮ ಮನೆಗಳಲ್ಲಿ ಬೆಳ್ಳಿ ಕಪ್ಪಾದರೆ ಹುಣಸೆಹಣ್ಣು, ನಿಂಬೆರಸ, ವಿಭೂತಿಯಿಂದ ತಿಕ್ಕುವ ವಾಡಿಕೆಯಿದೆ. ದೀಪಕ್ಕೆ, ಪಂಚಪಾತ್ರೆಗೆ ಅದು ಸರಿ. ಹಳೆಯ ನಾಣ್ಯಕ್ಕೆ ಕೂಡದು. ಆ ಕಪ್ಪು ಮತ್ತು ಬೂದು ಪದರವೇ ನಾಣ್ಯದ ವಯಸ್ಸಿಗೆ ಸಾಕ್ಷಿ. ಎರಡು ಸಾವಿರ ವರ್ಷ ನೆಲದಲ್ಲಿದ್ದ ಬೆಳ್ಳಿ ಒಳಗೇ ಹರಳುಗಟ್ಟಿ ಬಿರುಸಾಗಿರುವುದೂ ಉಂಟು. ಬಗ್ಗಿಸಿದರೆ, ಕಲ್ಲಿನ ಮೇಲೆ ಬಡಿದು ಸದ್ದು ಕೇಳಿದರೆ ಬಿಸ್ಕತ್ತಿನಂತೆ ಮುರಿದೀತು. ಒರೆಗಲ್ಲಿಗೆ ತಿಕ್ಕಿಸುವುದು, ಆಮ್ಲದ ಹನಿ ಹಾಕಿಸುವುದು, ಹೊಸದಾಗಿ ಕೊಂಡಿ ಬೆಸೆಸುವುದು ಯಾವುದೂ ಬೇಡ. ಅಂಚನ್ನು ಹಿಡಿದು ನೋಡಿ, ಒಣಗಿದ ಹತ್ತಿಬಟ್ಟೆಯಲ್ಲೋ ಕಾಗದದ ಲಕೋಟೆಯಲ್ಲೋ ಇಟ್ಟರೆ ಸಾಕು. ತಜ್ಞರಿಗೆ ತೋರಿಸುವುದಾದರೆ ಎರಡು ಮುಖಗಳ ಮತ್ತು ಅಂಚಿನ ಛಾಯಾಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ, ತೂಕ ಇಷ್ಟನ್ನು ಸಿದ್ಧಪಡಿಸಿಕೊಳ್ಳಬೇಕು. ನಾಸಿಕದ ಬಳಿಯ ಅಂಜನೇರಿಯಲ್ಲಿ 1980ರಲ್ಲಿ ಸ್ಥಾಪಿತವಾದ ಭಾರತೀಯ ನಾಣ್ಯಶಾಸ್ತ್ರ ಸಂಶೋಧನ ಸಂಸ್ಥೆ ಈ ಕ್ಷೇತ್ರದಲ್ಲಿ ಹೆಸರಾದುದು.

ಕಾನೂನು ಏನು ಹೇಳುತ್ತದೆ

ನೆಲದಲ್ಲಿ ಸಿಕ್ಕ ನಿಧಿಯು ಸಿಕ್ಕವರ ಸ್ವತ್ತೆಂದು ಬಹಳ ಮಂದಿ ತಿಳಿದಿದ್ದಾರೆ. 1878ರ ಭಾರತೀಯ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕವರು ಅದು ಏನು, ಎಷ್ಟು, ಎಲ್ಲಿ, ಯಾವ ದಿನ ಸಿಕ್ಕಿತೆಂಬುದನ್ನು ಜಿಲ್ಲಾ ಕಲೆಕ್ಟರಿಗೆ ಬರಹದಲ್ಲಿ ತಿಳಿಸಿ ಖಜಾನೆಯಲ್ಲಿ ಒಪ್ಪಿಸಬೇಕು, ಇಲ್ಲವೇ ಜಾಮೀನು ಕೊಡಬೇಕು. ಮುಚ್ಚಿಟ್ಟರೆ ಪಾಲು ಕೈತಪ್ಪುವುದಲ್ಲದೆ ಒಂದು ವರ್ಷದವರೆಗೆ ಸೆರೆವಾಸವೂ ಆಗಬಹುದು. ತಿಳಿಸಿದವರಿಗೆ ಕಾಯಿದೆಯಲ್ಲಿ ಪಾಲಿದೆ. ಸರ್ಕಾರವೇ ಇಟ್ಟುಕೊಂಡರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಭಾಗ ಹೆಚ್ಚಾಗಿ ಕೊಡುವ ವಿಧಿಯೂ ಇದೆ. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಕಾಯಿದೆ ಇದೆ. ಇದಲ್ಲದೆ, 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯಂತೆ ನೂರು ವರ್ಷಕ್ಕಿಂತ ಹಳೆಯ ನಾಣ್ಯಗಳು ಪ್ರಾಚೀನ ವಸ್ತುಗಳಾಗಿವೆ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಮೆರಿಕೆಯಲ್ಲಿರುವ ಮಕ್ಕಳಿಗೆ ಅಜ್ಜಿಯ ನೆನಪೆಂದು ಕಳುಹಿಸುವವರೂ ಇದನ್ನು ಗಮನಿಸಬೇಕು.

ಈ ಕಾಯಿದೆಗಳು ಸಿಕ್ಕಿದ ಜಾಗವನ್ನೂ ಕೇಳುವುದರಲ್ಲಿ ಅರ್ಥವಿದೆ. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದ್ದರಿಂದ ಅದರ ಜೊತೆ ಅದೇ ಪದರದಲ್ಲಿದ್ದ ಮಡಕೆ, ಮಣಿ, ಸಾತವಾಹನ ನಾಣ್ಯಗಳ ಕಾಲವನ್ನು ಅಂದಾಜು ಮಾಡಲು ಸಾಧ್ಯವಾಯಿತು. ಯಶವಂತಪುರದ 163 ನಾಣ್ಯಗಳು ಸಿಕ್ಕ ಊರಿನ ಹೆಸರು ಉಳಿದುದರಿಂದಲೇ ಬೆಂಗಳೂರಿನ ನೆಲಕ್ಕೆ ಎರಡು ಸಾವಿರ ವರ್ಷದ ವ್ಯಾಪಾರ ಚರಿತ್ರೆಯ ಸಾಕ್ಷಿ ದೊರೆಯಿತು. ಊರಿನ ಹೆಸರು ಕಳೆದುಕೊಂಡ ನಾಣ್ಯ ಅಸಲಿಯೇ ಆದರೂ ಅರ್ಧ ಮೂಕವಾಗುತ್ತದೆ.

ಮತ್ತೆ ವಿಜಯವಾಡದ ಆ ಪದಕ

ಆ ಪದಕಕ್ಕೆ ಕೊಂಡಿ ಬೆಸೆದಿದ್ದುದರಿಂದ ತೂಕವೂ ಸಾಂದ್ರತೆಯೂ ನೆರವಿಗೆ ಬರಲಿಲ್ಲ. ಭೂತಗನ್ನಡಿಯಲ್ಲಿ ಎರಕದ ಗುಂಡಿಗಳಾಗಲಿ, ಅಂಚಿನ ಗೆರೆಯಾಗಲಿ ಕಾಣಲಿಲ್ಲ. ಆದರೆ ಸುತ್ತಲಿನ ಬರಹ ಓದಲು ಬರಲಿಲ್ಲ. ಅಕ್ಷರಗಳಿರಬೇಕಾದ ಕಡೆ ಕಡ್ಡಿಗಳೂ ಬಳೆಗಳೂ ಇದ್ದವು. ಹಿಂಭಾಗದಲ್ಲಿ ಕುಳಿತ ಸ್ತ್ರೀಯ ಕೈಯಲ್ಲಿದ್ದುದು ಟೊಂಗೆಯೋ ಹೂವೋ ಹೇಳುವಂತಿರಲಿಲ್ಲ. ಛಾಯಾಚಿತ್ರಗಳನ್ನು ನೋಡಿದ ನಾಣ್ಯಶಾಸ್ತ್ರ ಬಲ್ಲ ಹಿರಿಯರೊಬ್ಬರು ಇದು ಟೈಬೀರಿಯಸ್ ನಾಣ್ಯದ ಪುರಾತನ ಭಾರತೀಯ ಅನುಕರಣೆಯಾಗಿರುವ ಸಂಭವವೇ ಹೆಚ್ಚೆಂದೂ, ಖಚಿತವಾಗಿ ಹೇಳಲು ನಾಣ್ಯವನ್ನೇ ನೋಡಬೇಕೆಂದೂ ತಿಳಿಸಿದರು. ಅನಂತರ ಅವರು ಕೇಳಿದ ಪ್ರಶ್ನೆ ಒಂದೇ: ಉಳಿದ ಒಂಬತ್ತು ಎಲ್ಲಿವೆ? ಅವೂ ಇದೇ ಅಚ್ಚಿನವಾಗಿದ್ದರೆ ಅಲ್ಲಿ ಹತ್ತಿರದಲ್ಲೇ ಇವನ್ನು ತಯಾರಿಸುವ ಕಮ್ಮಟವಿತ್ತೆಂದು ಊಹಿಸಬಹುದಿತ್ತು. ಅವು ಅಸಲಿ ರೋಮನ್ ನಾಣ್ಯಗಳಾಗಿದ್ದರೆ ಅದು ವ್ಯಾಪಾರಿಯೊಬ್ಬನ ಗಂಟು ಎನ್ನಬಹುದಿತ್ತು.

ಆ ಒಂಬತ್ತು ಕುಂಕುಮದ ಬಟ್ಟಲಾಗಿ ಅದೇ ದೇವರ ಪೆಟ್ಟಿಗೆಯಲ್ಲಿ ಕುಳಿತಿದ್ದವು. ಆ ಬಟ್ಟಲನ್ನು ನಾವು ಕೈಯಲ್ಲಿ ಹಿಡಿದು ನೋಡಿದೆವು. ಮೂವತ್ತು ಗ್ರಾಮಿಗೆ ಸ್ವಲ್ಪ ಹೆಚ್ಚಿನ ತೂಕ, ಒಳ್ಳೆಯ ಬೆಳ್ಳಿ, ಅಂಚಿಗೆ ಬಳ್ಳಿಯ ಕೆತ್ತನೆ. ಮಾಡಿಸಿದವರನ್ನು ದೂರುವಂತಿಲ್ಲ, ಅವರಿಗೆ ಅದು ಬೆಳ್ಳಿ ಮಾತ್ರವಾಗಿತ್ತು.

ಕೊಳ್ಳಲು ಬಂದವರಿಗೆ ಮಗ ಆಗುವುದಿಲ್ಲವೆಂದು ಹೇಳಿದರು. ಕಾನೂನಿನ ತೊಡಕು ಒಂದು ಕಾರಣ. ತಾಯಿಯವರ ಮನಸ್ಸು ಇನ್ನೊಂದು ಕಾರಣ. ನಮ್ಮ ಸಲಹೆಯಂತೆ ಆ ತಾಯಿಯವರು ತಮಗೆ ನೆನಪಿರುವಷ್ಟನ್ನು ಒಂದು ಹಾಳೆಯಲ್ಲಿ ಬರೆಸಿದರು: ಮಾವನವರ ಊರು, ಕೆರೆಯ ಹಿಂದಿನ ಹೊಲ, ಬಿತ್ತನೆಯ ಕಾಲ, ಹತ್ತು ಬಿಲ್ಲೆ, ಅವು ಇದ್ದ ಮಣ್ಣಿನ ಕುಡಿಕೆ. ಕುಡಿಕೆಯ ವಿಷಯವನ್ನು ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲವಂತೆ. ಆ ಹಾಳೆಯ ಒಂದು ಪ್ರತಿಯೊಡನೆ ಪದಕವನ್ನು ಊರಿನ ಕಡೆಯ ಪುರಾತತ್ತ್ವ ಅಧಿಕಾರಿಗಳಿಗೆ ತೋರಿಸುವುದೆಂದು ಮನೆಯವರೆಲ್ಲ ಒಪ್ಪಿದ್ದಾರೆ.

ಓದುಗರ ಮನೆಯಲ್ಲಿ ಇಂತಹ ಬಿಲ್ಲೆಗಳಿದ್ದರೆ ಅವು ಅಸಲಿಯೋ ನಕಲಿಯೋ ಎಂಬ ಪರೀಕ್ಷೆ ನಿಧಾನವಾಗಿ ಆಗಲಿ, ಅವಸರವಿಲ್ಲ. ಆದರೆ ಅವು ಎಲ್ಲಿಂದ ಬಂದವೆಂದು ಬಲ್ಲ ಹಿರಿಯರು ಮನೆಯಲ್ಲಿದ್ದರೆ, ದಯವಿಟ್ಟು ಇಂದೇ ಕೇಳಿ ಬರೆದಿಡಿ.